ಅಚ್ಚಾದ ಮೇಲೆ ಆಗಲೇಬೇಕು

ನಡೆಯುವ ಮೊದಲೇ ಸುದ್ದಿ ಬರೆಯುವುದರಲ್ಲಿ ಏನೂ ತಪ್ಪಿಲ್ಲ, ಬರೆದ ಮೇಲೆ ಅದು ನಡೆಯದೆ ಹೋದರೆ ಮಾತ್ರ ತಪ್ಪು ಎಂದು ನಂಬಿದ್ದ ಒಬ್ಬರೇ ಒಬ್ಬ ಸಂಪಾದಕರನ್ನು ನಾನು ಕಂಡಿದ್ದೇನೆ. ಅವರು ಹೋದ ತಿಂಗಳು ತೀರಿಕೊಂಡರು. ಪುತ್ತೂರಿನ ಬಸ್‌ಸ್ಟಾಂಡಿನಲ್ಲಿ ನನಗೆ ಆ ವಿಷಯ ತಿಳಿಸಿದವರು, ತಿಳಿಸಿ ಒಂದು ಕ್ಷಣ ತಡೆದು, “ನಿಜವೇ ಅಲ್ವಾ? ಎಲ್ಲಿಯಾದರೂ ಮೊದಲೇ ಬರೆದಿಟ್ಟದ್ದಾ ಅಂತ!” ಎಂದು ತಾವೇ ನಕ್ಕುಬಿಟ್ಟರು. ನನಗೂ ನಗು ಬಂತು. ಅವರ ನೆನಪಾದಾಗಲೆಲ್ಲ ನನಗೆ ಹೀಗೇ. ಮೊದಲು ನಗು, ಅದರ ಬೆನ್ನಿಗೇ ಕಣ್ಣ ಮುಂದೆ ಹೊಳೆಯ ಆ ಕೆಂಪು ನೀರು.

ಊರವರಿಗೆ ಅವರು ಪೇಪರಣ್ಣ. ನಿಜವಾದ ಹೆಸರು ಹಿಡಿದು ಯಾರಾದರೂ ವಿಚಾರಿಸಿದರೆ ಪಕ್ಕದ ಅಂಗಡಿಯವರೂ ಅಂಥವರು ಇಲ್ಲಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಸುಳ್ಯ, ಕಡಬ ಎಲ್ಲ ಇನ್ನೂ ಪುತ್ತೂರು ತಾಲೂಕಿನೊಳಗೇ ಇದ್ದ ಕಾಲ ಅದು. ಮಂಗಳೂರಿನ ಪತ್ರಿಕೆಗಳಲ್ಲಿ ನಮ್ಮ ಕಡೆಯ ಸುದ್ದಿ ಬರಬೇಕಾದರೆ ಒಂದೋ ಮಂತ್ರಿ ಬರಬೇಕು, ಇಲ್ಲವೇ ಬಸ್ಸು ಮಗುಚಬೇಕು. ಪೇಪರಣ್ಣನ ನಾಲ್ಕು ಪುಟದ ವಾರಪತ್ರಿಕೆಯಲ್ಲಿ ಹಾಗಲ್ಲ. ಈಶ್ವರಮಂಗಲದಲ್ಲಿ ಯಾರ ಮಗ ಎಸ್ಸೆಸ್ಸೆಲ್ಸಿ ಪಾಸಾದ, ರಾಮಕುಂಜದಲ್ಲಿ ಯಾರ ಹಸು ಅವಳಿ ಕರು ಹಾಕಿತು, ಗುತ್ತಿಗಾರಿನಲ್ಲಿ ಆನೆ ಯಾರ ಬಾಳೆ ತಿಂದಿತು, ಎಲ್ಲವೂ ಹೆಸರು ಸಮೇತ. ಆನೆಗೂ ಒಂದು ಹೆಸರಿದ್ದಿದ್ದರೆ ಹಾಕುತ್ತಿದ್ದರು.

ನಾನು ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಪುತ್ತೂರಿನ ಒಂದು ಹೈಸ್ಕೂಲಿಗೆ ಮಾಷ್ಟ್ರಾಗಿ ಸೇರಿದ ಹೊಸತು. ಅವರ ಪ್ರೆಸ್ಸಿನ ಮಾಳಿಗೆಯ ಕೋಣೆಯಲ್ಲಿ ನನ್ನ ಬಿಡಾರ. ಕೆಳಗೆ ಅಚ್ಚಿನ ಯಂತ್ರ ಓಡತೊಡಗಿದರೆ ಮೇಲೆ ನನ್ನ ಮಂಚ ಕುಣಿಯುತ್ತಿತ್ತು. ಮಕ್ಕಳ ಪುಸ್ತಕ ತಿದ್ದುವುದು ಅಸಾಧ್ಯವಾಗಿ, ಕೆಳಗಿಳಿದು ಅವರ ಪ್ರೂಫ್ ತಿದ್ದಲು ಕೂತೆ. ಹಾಗೆ ಶುರುವಾದದ್ದು ನಮ್ಮ ಸ್ನೇಹ.

ಅವರದು ಕಾಲಿನಿಂದ ಮೆಟ್ಟಿ ನಡೆಸುವ ಯಂತ್ರ. ಒಂದು ಕೈಯಲ್ಲಿ ಕಾಗದ ಕೊಡುತ್ತ, ಇನ್ನೊಂದು ಕೈಯಲ್ಲಿ ಅಚ್ಚಾದದ್ದನ್ನು ತೆಗೆಯುತ್ತ, ಬಾಗಿಲಲ್ಲಿ ಯಾರ ನೆರಳು ಬಿದ್ದರೂ ತಿರುಗಿ ನೋಡದೆ, “ಬನ್ನಿ ಬನ್ನಿ, ಬರುವ ವಾರ ನಿಮ್ಮಲ್ಲಿ ಎಂತ ಆಗುದುಂಟು?” ಎಂದು ಕೇಳುತ್ತಿದ್ದರು. ಕಳೆದ ವಾರ ಏನಾಯಿತು ಎಂದು ಅವರು ಕೇಳಿದ್ದನ್ನು ನಾನು ಕಂಡಿಲ್ಲ.

ಇದಕ್ಕೆ ಕಾರಣ ಅಚ್ಚಿನ ಮೊಳೆ. ಅವರಲ್ಲಿದ್ದ ಮೊಳೆಗಳು ಎರಡು ಪುಟಕ್ಕಷ್ಟೇ ಸಾಕಾಗುತ್ತಿದ್ದವು. ಮೊದಲ ಮತ್ತು ಕೊನೆಯ ಪುಟವನ್ನು ಮಂಗಳವಾರವೇ ಅಚ್ಚು ಹಾಕಿ, ಮೊಳೆಗಳನ್ನು ಬಿಡಿಸಿ, ಅವುಗಳಿಂದಲೇ ಒಳಪುಟಗಳನ್ನು ಜೋಡಿಸಬೇಕು. ಪತ್ರಿಕೆ ಹೊರಬರುವುದು ಶುಕ್ರವಾರ. ಹೀಗಾಗಿ ಶುಕ್ರವಾರದ ಸಮಾರಂಭ ಅದೇ ವಾರ ಮೊದಲ ಪುಟದಲ್ಲಿ ಬರಬೇಕಾದರೆ ಅದು ಸೋಮವಾರವೇ ನಡೆದುಹೋಗಬೇಕು, ಪೇಪರಣ್ಣನ ತಲೆಯೊಳಗಾದರೂ. ‘ವಿಜೃಂಭಣೆಯಿಂದ ನೆರವೇರಿತು’ ಎಂದು ಬರೆದು ಅಚ್ಚು ಹಾಕಿ, ಶುಕ್ರವಾರ ಛತ್ರಿ ಹಿಡಿದು ಆ ಸಮಾರಂಭಕ್ಕೆ ಅವರೇ ಹೋಗುತ್ತಿದ್ದರು. ವರದಿ ಮಾಡಲಿಕ್ಕಲ್ಲ, ವರದಿಯಾದ ಹಾಗೆಯೇ ಎಲ್ಲ ನಡೆಯುವಂತೆ ನೋಡಿಕೊಳ್ಳಲಿಕ್ಕೆ.

“ಮುಂದಿನ ವಾರ ಹಾಕಿದರೆ ಆಗದೇ?” ಎಂದು ನಾನೊಮ್ಮೆ ಕೇಳಿದ್ದೆ.

“ವಾರ ಕಳೆದ ಸುದ್ದಿ ಹಳಸಿದ ಸಾಂಬಾರಿನ ಹಾಗೆ ಮಾಷ್ಟ್ರೇ. ಯಾರು ಬಡಿಸಿಕೊಳ್ಳುದು?” ಎಂದರು. “ಮತ್ತೆ ನಾನು ಸುಳ್ಳು ಬರೆಯುದಿಲ್ಲ. ಸ್ವಲ್ಪ ಬೇಗ ಬರೆಯುದು, ಅಷ್ಟೇ.”

ಗುತ್ತಿಗಾರಿನ ಕಡೆಯ ಒಂದು ಮದುವೆಗೆ ಅವರೊಡನೆ ನಾನೂ ಹೋಗಿದ್ದೆ. ‘ಎರಡು ಬಗೆಯ ಪಾಯಸದೊಂದಿಗೆ ಸಮಯಕ್ಕೆ ಸರಿಯಾಗಿ ಭೋಜನ’ ಎಂದು ಅಚ್ಚಾಗಿತ್ತು. ಚಪ್ಪರದ ಹಿಂದೆ ಅಡುಗೆಯ ಕಡೆ ಇಣುಕಿದರೆ ಪಾಯಸದ ಕೊಪ್ಪರಿಗೆ ಒಂದೇ. ಪೇಪರಣ್ಣ ಅಡುಗೆಯವನನ್ನು ಪಕ್ಕಕ್ಕೆ ಕರೆದರು.

“ಇನ್ನೊಂದು ಪಾಯಸ ಎಲ್ಲಿ ಮಾರಾಯಾ?”

“ಒಂದೇ ಹೇಳಿದ್ದು ಅಣ್ಣಾ. ಇನ್ನು ಬೆಲ್ಲವೂ ಇಲ್ಲ.”

“ಪೇಪರಲ್ಲಿ ಎರಡು ಬಂದಾಗಿದೆ. ಇಡೀ ತಾಲೂಕು ಓದಿ ಆಯ್ತು. ಈಗ ಒಂದೇ ಬಡಿಸಿದರೆ ನನಗಲ್ಲ, ಹುಡುಗಿಯ ಅಪ್ಪನಿಗೆ ಮರ್ಯಾದೆ ಹೋಗುದು.”

ಹುಡುಗಿಯ ಅಪ್ಪನನ್ನು ಕರೆಸಿದರು. ಅವರು ಪತ್ರಿಕೆಯನ್ನು ಎರಡು ಸಲ ಓದಿ, ತಲೆ ಕೆರೆದು, ಹೆಸರುಬೇಳೆಗೂ ಬೆಲ್ಲಕ್ಕೂ ಜನ ಓಡಿಸಿದರು. ಊಟ ತಡವಾಯಿತು. ‘ಸಮಯಕ್ಕೆ ಸರಿಯಾಗಿ’ ಎಂಬುದನ್ನು ಉಳಿಸಿಕೊಳ್ಳುವ ದಾರಿ ಕಾಣದೆ ಪೇಪರಣ್ಣ ಆ ಮಧ್ಯಾಹ್ನವಿಡೀ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಎರಡೂ ಪಾಯಸ ಮಾತ್ರ ಹಾಕಿಸಿಕೊಂಡರು.

ಪಂದ್ಯಾಟಗಳ ಸುದ್ದಿಯಲ್ಲಿ ಅವರ ಜಾಣತನ ನೋಡಬೇಕಿತ್ತು. ಯಾರು ಗೆದ್ದರೆಂದು ಬರೆಯುವ ಹಾಗಿಲ್ಲವಲ್ಲ. ‘ಕೊನೆಯ ಗಳಿಗೆಯವರೆಗೂ ನೋಡುಗರ ಉಸಿರು ಬಿಗಿಹಿಡಿಸಿದ ಪಂದ್ಯದಲ್ಲಿ ಎರಡೂ ತಂಡಗಳು ಊರಿಗೆ ಕೀರ್ತಿ ತಂದವು’ ಎಂದು ಬರೆದು, ಮೈದಾನದ ಬದಿಯಲ್ಲಿ ನಿಂತು ಹಿಂದೆ ಬಿದ್ದ ತಂಡಕ್ಕೆ ಗಂಟಲು ಹರಿಯುವಂತೆ ಕೂಗಿ ಹುರಿದುಂಬಿಸುತ್ತಿದ್ದರು. ಸಾವನ್ನು ಮಾತ್ರ ಅವರು ಮುಂಗಡ ಬರೆದವರಲ್ಲ. ಹಾಸಿಗೆ ಹಿಡಿದ ದೊಡ್ಡವರೊಬ್ಬರ ಮನೆಯಿಂದ ಯಾರೋ ಬಂದು, ಮೊದಲ ಪುಟದಲ್ಲಿ ಸ್ವಲ್ಪ ಜಾಗ ಇಟ್ಟುಕೊಳ್ಳಿ ಎಂದಾಗ, “ಅವರಿಗೆ ಗಂಜಿ ಕೊಡಿ ಹೋಗಿ” ಎಂದು ಗದರಿ ಕಳಿಸಿದ್ದರು.

ಇನ್ನು ಆ ಕೆಂಪು ನೀರು ಕಂಡ ಕಡವಿನ ವಿಷಯ. ಕಡವು ಎಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗ. ರಾಮಕುಂಜದ ಕಡೆಯ ಜನ ಮಳೆಗಾಲದಲ್ಲಿ ಪುತ್ತೂರಿನ ಪೇಟೆಗೆ ಬರಬೇಕಾದರೆ ಕುಮಾರಧಾರೆಯನ್ನು ದೋಣಿಯಲ್ಲೇ ದಾಟಬೇಕು. ಹಳೆಯ ದೋಣಿಯಲ್ಲಿ ಕೂತವರು ದಡ ಮುಟ್ಟುವ ತನಕ ತೆಂಗಿನ ಗೆರಟೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಲೇ ಇರಬೇಕಿತ್ತು. ಪೇಪರಣ್ಣ ಬಿಡದೆ ಅದರ ಬಗ್ಗೆ ಬರೆದರು. ಕೊನೆಗೆ ಈಚೆ ದಡದ ದೊಡ್ಡ ಜಮೀನುದಾರರಾದ ಧನಿಗಳೊಬ್ಬರು ಹೆಬ್ಬಲಸಿನ ಮರ ಕೊಟ್ಟರು, ಊರವರು ಕೂಲಿ ಕೊಟ್ಟರು, ಹೊಸ ದೋಣಿ ತಯಾರಾಯಿತು. ಮಳೆ ಹಿಡಿಯುವ ಮೊದಲು, ಒಂದು ಶುಕ್ರವಾರ, ದೋಣಿ ನಡೆಸುವ ಇದ್ದಿನಬ್ಬ ಮಧ್ಯಾಹ್ನದ ನಮಾಜು ಮುಗಿಸಿ ಬಂದ ಮೇಲೆ ಉದ್ಘಾಟನೆ ಎಂದು ಗೊತ್ತಾಯಿತು.

ಸೋಮವಾರ ನನ್ನ ಕೈಗೆ ಪ್ರೂಫ್ ಬಂತು. ‘ಹರ್ಷೋದ್ಗಾರಗಳ ನಡುವೆ ದೋಣಿಯು ಸುರಕ್ಷಿತವಾಗಿ ಆಚೆ ದಡ ಸೇರಿತು. ಪುತ್ತೂರಿನ ಯುವ ಅಧ್ಯಾಪಕರೊಬ್ಬರೂ ಈ ಮೊದಲ ಪ್ರಯಾಣದಲ್ಲಿ ಜೊತೆಗಿದ್ದರು.’

“ಇದು ಯಾರು ಪೇಪರಣ್ಣ?”

“ನೀವೇ. ಶುಕ್ರವಾರ ರಜೆ ಹಾಕಿ.”

ನಾನು ಉಬ್ಬಿಹೋದೆ. ಈಶ್ವರಮಂಗಲದ ನಮ್ಮ ಮನೆಗೆ ಪತ್ರಿಕೆ ಹೋಗುತ್ತಿತ್ತು. ಅಮ್ಮ ಅದನ್ನು ನೆರೆಮನೆಯವರಿಗೆ ಓದಿ ಹೇಳುವುದು ನನ್ನ ಕಣ್ಣಿಗೆ ಕಟ್ಟಿತು. ನನಗೆ ಈಜು ಬರುವುದಿಲ್ಲ ಎಂಬುದು ಆ ಹೊತ್ತಿಗೆ ಮುಖ್ಯವಾದ ವಿಷಯ ಎನಿಸಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಟಪಾಲಿನ ಪ್ರತಿಗಳನ್ನು ಬಸ್ಸಿಗೆ ಹಾಕಿ, ಹೊಳೆಯ ಎರಡೂ ದಡದವರಿಗೆಂದು ಎರಡು ಕಟ್ಟು ಹೊತ್ತುಕೊಂಡು ನಾವು ಕಡವಿಗೆ ಹೋದೆವು. ಸೆಖೆ ಜೋರು. ನಮ್ಮ ತಲೆಯ ಮೇಲೆ ಬಿಸಿಲು, ಆದರೆ ಮೂಡುಗಡೆ ಘಟ್ಟದ ಮೇಲೆ ಕಪ್ಪು ಮೋಡ ಕವಿದು ಬೆಳಗಿನಿಂದ ಗುಡುಗು. ಆಚೆ ದಡದಲ್ಲಿ ಮಾವಿನ ತೋರಣ, ವಾಲಗ, ಹಾರ ಹಿಡಿದು ನಿಂತ ಜನ. ಈಚೆ ಚಪ್ಪರದಲ್ಲಿ ನಮ್ಮ ಪತ್ರಿಕೆ ಹಂಚಿಯಾಗಿತ್ತು. ಸಮಾರಂಭ ಶುರುವಾಗುವ ಮೊದಲೇ ಅದು ಹೇಗೆ ನಡೆಯಿತೆಂದು ಜನ ಓದುತ್ತ ಕೂತಿದ್ದರು. ಧನಿಗಳೂ ಒಂದು ಪ್ರತಿಗೆ ಕೈ ಚಾಚಿದರು.

“ನಾನು ಎಂತ ಮಾತಾಡಿದ್ದೇನೆ, ನೋಡುವ ಕೊಡಿ.”

ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು. “ಪೇಪರ್‌ನವರೇ, ಇಲ್ಲಿ ದೋಣಿಗೆ ಕಾಯುವವರಿಗೆ ಮಳೆಗೆ ನಿಲ್ಲಲಿಕ್ಕೆ ಒಂದು ಕೊಟ್ಟಿಗೆ ಕಟ್ಟಿಸಿ ಕೊಡ್ತೇನೆ ಅಂತ ಉಂಟಲ್ಲ! ಇದು ಯಾವಾಗ ಹೇಳಿದೆ ನಾನು?”

“ಇನ್ನು ಸ್ವಲ್ಪ ಹೊತ್ತಿನಲ್ಲಿ ಹೇಳ್ತೀರಿ ಧನಿಗಳೇ.”

ಧನಿಗಳು ಸುತ್ತ ನೋಡಿದರು. ಎಲ್ಲರ ಕೈಯಲ್ಲೂ ಪತ್ರಿಕೆ. ಭಾಷಣದಲ್ಲಿ ಅವರು ಕೊಟ್ಟಿಗೆ ಕಟ್ಟಿಸಿ ಕೊಡುವುದಾಗಿ ಹೇಳಿದರು, ಹೇಳುವಾಗ ಪೇಪರಣ್ಣನ ಮುಖವನ್ನೇ ದುರುಗುಟ್ಟಿ ನೋಡುತ್ತ. ಜನ ಚಪ್ಪಾಳೆ ಹೊಡೆದು ಹೊಡೆದು ನಕ್ಕರು. ಅಷ್ಟು ಖುಷಿಯ ಸಭೆಯನ್ನು ನಾನು ಆಮೇಲೆ ಕಂಡಿಲ್ಲ.

ರಿಬ್ಬನ್ ಕತ್ತರಿಸಿ ದೋಣಿಯ ಹತ್ತಿರ ಇಳಿದಾಗ ಇದ್ದಿನಬ್ಬ ನೀರಿನಲ್ಲಿ ಮೊಣಕಾಲ ತನಕ ನಿಂತು ಹೊಳೆಯನ್ನೇ ನೋಡುತ್ತಿದ್ದ. ಬೆಳಿಗ್ಗೆ ತಿಳಿಯಾಗಿದ್ದ ನೀರು ಕೆಂಪಗೆ ತಿರುಗಿ, ತರಗೆಲೆಯೂ ನೊರೆಯೂ ಸುತ್ತುತ್ತ ಬರುತ್ತಿದ್ದವು.

“ಮೇಲೆ ಮಳೆ ಬಿದ್ದಿದೆ. ನೀರು ಬರ್ತಾ ಉಂಟು” ಎಂದ. “ಇವತ್ತು ಬೇಡ. ಇಳಿದ ಮೇಲೆ ನೋಡುವ.”

“ಆಗಬಹುದು, ಅವಸರ ಎಂತದು?” ಎಂದು ಧನಿಗಳು ತಿರುಗಿಯೇಬಿಟ್ಟರು. ಕೊಟ್ಟಿಗೆಯ ಸೇಡು ತೀರಿಸಿಕೊಂಡ ಸಮಾಧಾನವೂ ಅವರ ಮುಖದಲ್ಲಿತ್ತು.

ಪೇಪರಣ್ಣನ ಮುಖ ಮಾತ್ರ ಬಿಳಿಚಿತು. “ದಾಟಿದೆ ಅಂತ ಬಂದಾಗಿದೆ” ಎಂದರು.

“ಪೇಪರು ನಿಮ್ಮದು ಪೇಪರಣ್ಣ, ದೋಣಿ ಊರಿಂದು, ಜೀವ ನಂದು” ಎಂದ ಇದ್ದಿನಬ್ಬ.

“ಆಚೆ ನೋಡು ಮಾರಾಯಾ, ಹಾರ ಹಿಡಿದು ನಿಂತಿದ್ದಾರೆ. ಇಷ್ಟು ವರ್ಷದಲ್ಲಿ ನನ್ನ ಪೇಪರಲ್ಲಿ ಬಂದದ್ದು ಆಗದೆ ಹೋದದ್ದುಂಟಾ? ನಾವು ಮೂರೇ ಜನ ಹೋಗುವ. ಈಗಲೇ ಹೋದರೆ ದಾಟ್ತದೆ.” ಆಚೆ ದಡದವರ ಪತ್ರಿಕೆಯ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಛತ್ರಿಯ ಸಮೇತ ಅವರು ದೋಣಿ ಹತ್ತಿದರು. “ಬನ್ನಿ ಮಾಷ್ಟ್ರೇ, ನೀವೂ ಇದ್ದೀರಲ್ಲ ಅದರಲ್ಲಿ.”

ನಾನು ಹತ್ತಿದೆ. ಯಾಕೆ ಹತ್ತಿದೆ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಅಚ್ಚಾದ ವಾಕ್ಯದಲ್ಲಿ ನಾನಿದ್ದೆ, ಅದರಿಂದ ಇಳಿಯುವುದು ಹೇಗೆಂದು ತಿಳಿಯಲಿಲ್ಲ. ಇದ್ದಿನಬ್ಬ ನಮ್ಮಿಬ್ಬರನ್ನು ನೋಡಿದ. ಹೇಳಿದರೆ ಇಳಿಯುವ ಪೈಕಿಯಲ್ಲ ಎಂದು ಅವನಿಗೆ ಗೊತ್ತಾಗಿರಬೇಕು. ಬಿಟ್ಟರೆ ಈ ಪುಣ್ಯಾತ್ಮರು ತಾವೇ ದೋಣಿ ಬಿಚ್ಚಿಯಾರು ಎಂದೋ ಏನೋ, ಬಾಯಲ್ಲಿ ಏನೋ ಗೊಣಗುತ್ತ ಹಾರಿ ಕೂತು ಹುಟ್ಟು ಹಾಕಿದ.

ಮೊದಲಿಗೆ ಚೆನ್ನಾಗಿಯೇ ಹೋಯಿತು. ವಾಲಗ ಹತ್ತಿರವಾಗುತ್ತಿತ್ತು. ಪೇಪರಣ್ಣ ಎದ್ದು ನಿಂತು ಆಚೆಯವರಿಗೆ ಛತ್ರಿ ಬೀಸಿದರು. “ಕೂತ್ಕೊಳ್ಳಿ! ಪೇಪರಣ್ಣ, ಕೂತ್ಕೊಳ್ಳಿ ಮಾರಾಯ್ರೆ!” ಎಂದು ಇದ್ದಿನಬ್ಬ ಕಿರುಚುವುದಕ್ಕೂ, ಹೊಳೆ ನಮ್ಮನ್ನು ಕೆಳಗಿನಿಂದ ಒಮ್ಮೆಲೇ ಎತ್ತಿದ ಹಾಗಾಗುವುದಕ್ಕೂ ಸರಿಹೋಯಿತು. ಆಚೆಯ ವಾಲಗ ನಿಂತುಹೋಯಿತು. ಬೇರು ಸಹಿತ ಒಂದು ಮರ ಮೇಲಿನಿಂದ ಬರುತ್ತಿತ್ತು. ಅದು ಬರುವುದು ನನಗೆ ಸರಿಯಾಗಿ ಕಾಣುತ್ತಿತ್ತು, ಬೇರಿನಲ್ಲಿ ಸಿಕ್ಕಿಕೊಂಡಿದ್ದ ಹಸಿ ಸೊಪ್ಪಿನ ಹೊರೆಯೂ ಕಾಣುತ್ತಿತ್ತು. ಏನೂ ಮಾಡುವ ಹಾಗಿರಲಿಲ್ಲ. ಅದು ದೋಣಿಯ ಬಾಲಕ್ಕೆ ಬಡಿಯಿತು, ಹುಟ್ಟು ಮುರಿಯಿತು, ದೋಣಿ ಗಿರ್ರನೆ ತಿರುಗಿ ಕೆಳಗೆ ಕೆಳಗೆ ಹೋಯಿತು. ಆ ಮರ ಇನ್ನೊಂದು ಮಾರು ಇತ್ತ ಬಂದಿದ್ದರೆ ನಾನು ಕೂತ ಜಾಗಕ್ಕೇ ಬಡಿಯುತ್ತಿತ್ತು. ಈಗಲೂ ಬಚ್ಚಲಿನಲ್ಲಿ ಯಾರಾದರೂ ಹಂಡೆಯಿಂದ ನೀರು ಸುರಿದರೆ ನಾನು ಆ ಒಂದು ಮಾರನ್ನು ಮತ್ತೆ ಅಳೆಯುತ್ತೇನೆ.

ಕಡವಿನಿಂದ ಕೆಳಗೆ, ಹೊಳೆಯ ಈಚೆ ಬದಿಗೆ, ಬೇಸಿಗೆಯಲ್ಲಿ ಮರಳಿನ ಮೇಲೆ ನಿಂತಂತೆ ಕಾಣುವ ನಾಲ್ಕಾರು ಮರಗಳಿದ್ದವು. ದೋಣಿ ಅವುಗಳಿಗೆ ಹೋಗಿ ಅಡ್ಡಲಾಗಿ ಒತ್ತಿಕೊಂಡಿತು. ಇದ್ದಿನಬ್ಬ ಒಂದು ಕೊಂಬೆ ಹಿಡಿದು ಹಗ್ಗ ಬಿಗಿದ. “ಹಿಡ್ಕೊಳ್ಳಿ, ಮೇಲೆ ಹತ್ತಿ!” ಎಂದ. ನಾವು ಕೊಂಬೆಗಳನ್ನು ತಬ್ಬಿಕೊಂಡೆವು. ನಮ್ಮ ಕಾಲ ಕೆಳಗೇ ದೋಣಿಗೆ ನೀರು ನುಗ್ಗಿತು. ಪತ್ರಿಕೆಯ ಕಟ್ಟು ಬಿಚ್ಚಿ, ಒಂದೊಂದೇ ಹಾಳೆ ಬಿಡಿಸಿಕೊಂಡು, ದೋಣಿ ದಾಟಿದ ಸುದ್ದಿ ಹೊಳೆಯ ಪಾಲಾಯಿತು.

ಆಗ ಪೇಪರಣ್ಣ ನನ್ನನ್ನು ಕೇಳಿದರು: “ಮಾಷ್ಟ್ರೇ, ನಿಮಗೆ ಈಜು ಬರ್ತದಲ್ಲ?”

“ಇಲ್ಲ.”

ಅವರು ನನ್ನನ್ನೇ ನೋಡಿದರು. ಮೇಲಿನ ಕೊಂಬೆಯಿಂದ ಇದ್ದಿನಬ್ಬ, “ನಿಮಗೆ ಬರ್ತದಾ ಪೇಪರಣ್ಣ?” ಎಂದ.

“ನನಗೂ ಇಲ್ಲ.”

“ಯಾ ಅಲ್ಲಾ! ಇಬ್ಬರೂ ಹೀಗೆಯಾ? ಮತ್ತೆ ಯಾವ ಧೈರ್ಯದಲ್ಲಿ ಬರೆದದ್ದು ನೀವು?”

ಪೇಪರಣ್ಣ ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಹಲ್ಲಿನಿಂದ ಎಳೆದು ತೆಗೆದು, ಒಂದು ಕೈಯಲ್ಲಿ ತಾವು ಕೊಂಬೆ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟನ್ನು ಮರಕ್ಕೆ ಕಟ್ಟಿದರು. ಗಂಟು ಸರಿಯಾಗಿದೆಯೇ ಎಂದು ಎಳೆದು ನೋಡಿದರು. ಮತ್ತೆ ಎಳೆದು ನೋಡಿದರು. ತಮ್ಮನ್ನು ಕಟ್ಟಿಕೊಳ್ಳಲು ಬೇರೆ ಬಟ್ಟೆ ಇರಲಿಲ್ಲ. ಅವರ ಕಾಲು ಎರಡು ಸಲ ಜಾರಿತು. ಎರಡನೆಯ ಸಲ ಇದ್ದಿನಬ್ಬ ಮೇಲಿನಿಂದ ಅವರ ಅಂಗಿಯ ಕಾಲರು ಹಿಡಿದು ನಿಲ್ಲಿಸಿದ. “ಇವರಿಗೆ ಏನಾದರೂ ಆದರೆ ನಾನು ಮನೆಗೆ ಹೋಗುದಿಲ್ಲ ಇದ್ದಿನಬ್ಬ” ಎಂದು ಪೇಪರಣ್ಣ ಹೇಳಿದ್ದು ನೀರಿನ ಸದ್ದಿನಲ್ಲೂ ನನಗೆ ಕೇಳಿಸಿತು.

ಎಷ್ಟು ಹೊತ್ತು ಹಾಗಿದ್ದೆವೋ ಹೇಳಲಾರೆ. ದಡದಲ್ಲಿ ಜನ ಸೇರಿದರು. ಒಣ ತೆಂಗಿನಕಾಯಿಗಳ ಗೊಂಚಲು ಕಟ್ಟಿದ ಉದ್ದ ಹಗ್ಗವನ್ನು ಮೇಲಿನಿಂದ ತೇಲಿ ಬಿಟ್ಟರು. ಬಿಟ್ಟದ್ದು ಎರಡು ಸಲ ದೂರ ಹೋಯಿತು, ಮೂರನೆಯ ಸಲ ಇದ್ದಿನಬ್ಬನ ಕೈಗೆ ಸಿಕ್ಕಿತು. ಮೊದಲು ನನ್ನನ್ನು ಕಳಿಸಿದರು. ತೆಂಗಿನಕಾಯಿಗಳನ್ನು ಎದೆಗೆ ಅವಚಿಕೊಂಡು, ಬಾಯಿ ತುಂಬ ಕೆಂಪು ನೀರು ಕುಡಿದು, ದಡಕ್ಕೆ ಬಂದಾಗ ನನ್ನನ್ನು ಎಳೆದುಕೊಂಡದ್ದು ಧನಿಗಳು. ಜರಿ ಶಾಲಿನ ಸಮೇತ ಸೊಂಟದ ತನಕ ನೀರಿನಲ್ಲಿ ನಿಂತಿದ್ದರು. “ಪೇಪರ್‌ನವರು ಬರಲಿ, ಇವತ್ತು ಹಲ್ಲು ಉದುರಿಸ್ತೇನೆ” ಎನ್ನುತ್ತಿದ್ದರು. ಪೇಪರಣ್ಣ ಬಂದಾಗ ಅವರನ್ನು ತಬ್ಬಿಕೊಂಡು ಅತ್ತರು.

ಮರುದಿನದಿಂದ ಪೇಟೆಯಲ್ಲಿ ನಗು. ಟಪಾಲಿನಲ್ಲಿ ಹೋದ ಪ್ರತಿಗಳು ಮೂಲೆ ಮೂಲೆಗೂ ತಲುಪಿದ್ದವು. ದೋಣಿ ಸುರಕ್ಷಿತವಾಗಿ ಆಚೆ ದಡ ಸೇರಿದ್ದಕ್ಕೆ ಅಭಿನಂದಿಸಿ ಜನ ಬಂದು ಹೋಗುತ್ತಿದ್ದರು. ಆಮೇಲೆ ಪೇಪರಣ್ಣ ಮುಂಗಡ ಬರೆಯುವುದನ್ನೇ ಬಿಟ್ಟರು. ಶುಕ್ರವಾರದ ಮದುವೆ ಮುಂದಿನ ಶುಕ್ರವಾರ ಬರತೊಡಗಿತು. “ಮೊದಲು ನಿಮ್ಮ ಪೇಪರು ಓದಿದರೆ ಎಂತ ಆಗ್ತದೆ ಅಂತ ಗೊತ್ತಾಗುತ್ತಿತ್ತು, ಈಗ ಬರೇ ಆದದ್ದು ಮಾತ್ರ ಉಂಟು” ಎಂದು ಗೊಣಗಿದವರೂ ಇದ್ದರು. ಧನಿಗಳ ಕೊಟ್ಟಿಗೆ ಮಾತ್ರ ಆ ಮಳೆಗಾಲದೊಳಗೇ ಎದ್ದು ನಿಂತಿತು.

ಹೊಳೆಯಿಂದ ಬಂದ ಮೇಲೆ ನಾನು ಮೂರು ದಿನ ಜ್ವರದಲ್ಲಿ ಮಾಳಿಗೆಯಲ್ಲಿ ಮಲಗಿದ್ದೆ. ಕೆಳಗೆ ಯಂತ್ರದ ಸದ್ದಿರಲಿಲ್ಲ. ಸೋಮವಾರ ಸಂಜೆ ಪೇಪರಣ್ಣ ಏಣಿ ಹತ್ತಿ ಬಂದರು. ನನ್ನ ಕೋಣೆಗೆ ಅವರು ಬಂದದ್ದು ಅದೇ ಮೊದಲು. ಮಂಚದ ಅಂಚಿನಲ್ಲಿ ಕೂತು, ಕೈಯಲ್ಲಿದ್ದ ಚೀಟಿಯನ್ನು ಓದಿದರು:

“‘ಕಳೆದ ಸಂಚಿಕೆಯ ಮೊದಲ ಪುಟದಲ್ಲಿ ದೋಣಿಯು ಆಚೆ ದಡ ಸೇರಿತೆಂದು ಬಂದದ್ದು ಸುಳ್ಳು. ಅದರಲ್ಲಿದ್ದ ಮೂವರೂ ಬದುಕಿರುವುದು ನಿಜ.’ ಮೊದಲ ಪುಟದಲ್ಲೇ ಹಾಕುದು. ಸರಿ ಉಂಟಾ ಮಾಷ್ಟ್ರೇ?”

ನಾನು ತಲೆಯಾಡಿಸಿದೆ.

“ತಲೆ ಆಡಿಸಿದರೆ ಆಗುದಿಲ್ಲ. ಬಾಯಿ ಬಿಟ್ಟು ಹೇಳಿ” ಎಂದರು.

“ಹೌದು ಪೇಪರಣ್ಣ” ಎಂದೆ. “ಬದುಕಿದ್ದೇನೆ.”

ಅವರು ಚೀಟಿ ಹಿಡಿದುಕೊಂಡು, “ಹಾಗಾದರೆ ಹಾಕ್ತೇನೆ” ಎಂದು ಕೆಳಗಿಳಿದು ಹೋದರು.